ಮಡಚುವ ಕ್ಯಾಮೆರಾಕ್ಕೆ ಹೊಸ ರೀಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಉಡುಪಿ ಜಿಲ್ಲೆಯ ಕಾಪುವಿನ ದೀಪಸ್ತಂಭವನ್ನು ನೀವೆಲ್ಲ ನೋಡಿರುತ್ತೀರಿ. ಅದನ್ನು ಕಟ್ಟಿದ್ದು 1901ರಲ್ಲಿ. ಅದೇ ವರ್ಷ ಅಮೆರಿಕದ ಕೊಡಾಕ್ ಕಂಪನಿ ಕ್ಯಾಮೆರಾಕ್ಕೆ ಹಾಕುವ ಫಿಲ್ಮಿನ ಒಂದು ಹೊಸ ಅಳತೆಯ ರೀಲನ್ನು ಮಾರುಕಟ್ಟೆಗೆ ತಂದಿತು. ಈಗ ಅದನ್ನು 120 ರೀಲು ಅನ್ನುತ್ತೇವೆ. ದೀಪಸ್ತಂಭ ಇನ್ನೂ ನಿಂತಿದೆ, ರೀಲೂ ಇನ್ನೂ ತಯಾರಾಗುತ್ತಿದೆ. ಕೊಡಾಕ್, ಇಲ್ಫೋರ್ಡ್, ಫೋಮಾ, ಮೂವರೂ ಮಾಡುತ್ತಾರೆ. ಹಾಗಾಗಿ ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಮಡಚುವ ಕ್ಯಾಮೆರಾ ಇದ್ದರೆ, ಅದರಲ್ಲಿ ಇವತ್ತೂ ಫೋಟೋ ತೆಗೆಯಬಹುದು.

ನಮ್ಮ ಕಡೆ ಇಂಥ ಕ್ಯಾಮೆರಾ ಸಿಗುವುದು ಅಪರೂಪವೇನಲ್ಲ. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರ ಟ್ರಂಕಿನ ತಳದಲ್ಲಿ ಹುಡುಕಿ ನೋಡಿ. ಮಡಚಿದರೆ ಕೋಟಿನ ಕಿಸೆಗೆ ಹೋಗುತ್ತದೆ. ಗುಂಡಿ ಒತ್ತಿದರೆ ಮುಚ್ಚಳ ತೆರೆದುಕೊಂಡು, ಹಾರ್ಮೋನಿಯಂ ತಿದಿಯ ಹಾಗೆ ನೆರಿಗೆ ನೆರಿಗೆಯಾದ ಕಪ್ಪು ಚೀಲ ಹೊರಗೆ ಬರುತ್ತದೆ. ಅದೇ ಬೆಲ್ಲೋಸ್. ಅದರ ಮೂತಿಯಲ್ಲಿ ಲೆನ್ಸು, ಕ್ಷಣಕಾಲ ತೆರೆದು ಬೆಳಕು ಒಳಗೆ ಬಿಡುವ ಶಟರು. ಝೈಸ್ ಇಕಾನ್‌ನ ನೆಟ್ಟಾರ್, ಅಗ್ಫಾದ ಇಸೊಲೆಟ್ಟೆ, ಕೊಡಾಕಿನ ಹತ್ತಾರು ಮಾದರಿಗಳು, ಇವೆಲ್ಲ ಈ ಜಾತಿಯವು. ಜನ ಇವನ್ನು ತಂದು ಉಜ್ಜಿ ಶೋಕೇಸಿನಲ್ಲಿ ಇಡುತ್ತಾರೆ. ನನಗಂತೂ ಅದು ಸರಿ ಕಾಣುವುದಿಲ್ಲ. ಓಡುವ ಗಡಿಯಾರಕ್ಕೆ ಯಾರಾದರೂ ಕೀ ಕೊಡದೆ ಇಡುತ್ತಾರಾ?

ಮೊದಲು ನೋಡಬೇಕಾದದ್ದು ಯಾವ ರೀಲು ಹಿಡಿಸುತ್ತದೆ ಅನ್ನುವುದು. 120 ಆದರೆ ಚಿಂತೆಯಿಲ್ಲ. ಕೊಡಾಕಿನ ರೆಟಿನಾ ಆದರೆ ಇನ್ನೂ ಸುಲಭ, ಅದಕ್ಕೆ ಮಾಮೂಲಿ 35 ಮಿಲಿಮೀಟರ್ ರೀಲೇ ಸಾಕು. ತಲೆನೋವು ಇರುವುದು 620 ಅನ್ನುವ ಅಳತೆಯ ರೀಲಿನಲ್ಲಿ. ಇದರ ತಯಾರಿಕೆಯನ್ನು ಕೊಡಾಕ್ 1995ರಲ್ಲಿ ನಿಲ್ಲಿಸಿತು. ಆದರೆ ಫಿಲ್ಮಿನ ಅಗಲ 120ರದ್ದೇ. ವ್ಯತ್ಯಾಸ ಇರುವುದು ಸುತ್ತುವ ಉರುಳೆಯಲ್ಲಿ, 620ರ ಉರುಳೆ ಸಣಕಲು. ಪೂರ್ತಿ ಕತ್ತಲೆಯಲ್ಲಿ 120ರ ಫಿಲ್ಮನ್ನು ಒಂದು 620ರ ಉರುಳೆಗೆ ಸುತ್ತಿ, ಅಲ್ಲಿಂದ ಇನ್ನೊಂದು 620ರ ಉರುಳೆಗೆ ಮರಳಿ ಸುತ್ತಬೇಕು. ಟೇಪು ಅಂಟಿಸಿದ ತುದಿಯಲ್ಲಿ ಫಿಲ್ಮು ಉಬ್ಬುತ್ತದೆ, ಅಲ್ಲಿ ಬಿಡಿಸಿ ಮತ್ತೆ ಅಂಟಿಸಬೇಕು. ತೊಳೆಯಲು ಕೊಡುವಾಗ ಉರುಳೆ ವಾಪಸು ಬೇಕು ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಅದು ಸೀದಾ ಕಸದ ಬುಟ್ಟಿಗೆ ಹೋಗುತ್ತದೆ. 116ರಂಥ ಅಳತೆಗಳ ತಂಟೆಗೆ ಹೊಸಬರು ಹೋಗುವುದು ಬೇಡ.

ಈಗ ಮುಖ್ಯ ಮಾತಿಗೆ ಬರೋಣ. ಕ್ಯಾಮೆರಾ ಹಾಗೇ ಇದೆ, ಫಿಲ್ಮು ಬದಲಾಗಿದೆ. ಹಳೆ ಕ್ಯಾಮೆರಾದಲ್ಲಿ ಹೊಸ ರೀಲು ಕೆಟ್ಟರೆ ಹೆಚ್ಚಾಗಿ ಕಾರಣ ಇದೇ.

ಕ್ಯಾಮೆರಾದ ಬೆನ್ನಿನಲ್ಲಿ ಒಂದು ಪುಟ್ಟ ಕೆಂಪು ಕಿಟಕಿ ಇರುತ್ತದೆ. ರೀಲಿನ ಹಿಂದಿನ ಕಾಗದದಲ್ಲಿ ಅಚ್ಚಾದ ಅಂಕಿಯನ್ನು ಅದರಲ್ಲಿ ನೋಡಿಕೊಂಡೇ ಸುತ್ತಬೇಕು. ಕಿಟಕಿ ಕೆಂಪೇ ಯಾಕೆ? ಆ ಕಾಲದ ಸಾಮಾನ್ಯ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಹಳೆ ಫೋಟೋಗಳಲ್ಲಿ ಹೆಂಗಸರ ಹಣೆಯ ಕುಂಕುಮ ಕಡುಗಪ್ಪು ಬಂದಿರುತ್ತದೆ, ಅಲ್ವಾ? ನಮ್ಮ ಮಂಗಳೂರು ಹಂಚಿನ ಮಾಡೂ ಹಾಗೆಯೇ ಕಪ್ಪು. ಕೆಂಪು ಕಾಣದ ಫಿಲ್ಮಿಗೆ ಕೆಂಪು ಕಿಟಕಿಯಿಂದ ಬೆಳಕು ಬಂದರೇನು, ಬಿಟ್ಟರೇನು? ಇವತ್ತಿನ ಫಿಲ್ಮು ಹಾಗಲ್ಲ. ಅದಕ್ಕೆ ಎಲ್ಲ ಬಣ್ಣವೂ ಕಾಣುತ್ತದೆ. ಹಿಂದಿನ ಕಾಗದ ತಡೆದರೂ, ಮಲ್ಪೆಯ ಮಧ್ಯಾಹ್ನದ ಬಿಸಿಲಿನಲ್ಲಿ ಕಿಟಕಿಯಿಂದ ಬೆಳಕು ನುಸುಳಿ ಫಿಲ್ಮಿನ ಮೇಲೆ ಕಲೆ ಬೀಳಿಸಬಹುದು. ಉಪಾಯ ಸುಲಭ. ಕಿಟಕಿಯ ಮೇಲೆ ವಯರಿಂಗಿನವರ ಕಪ್ಪು ಟೇಪಿನ ತುಂಡು ಅಂಟಿಸಿ. ಸುತ್ತುವಾಗ ನೆರಳಿಗೆ ಹೋಗಿ, ಟೇಪು ಎತ್ತಿ, ಅಂಕಿ ನೋಡಿ, ಮತ್ತೆ ಮುಚ್ಚಿ. ಕೆಲವು ಹೊಸ ರೀಲುಗಳ ಅಂಕಿ ತುಂಬ ಮಸುಕು, ಆದ್ದರಿಂದ ನಿಧಾನಕ್ಕೆ ಸುತ್ತಿ. ಅಂದ ಹಾಗೆ, ಹಂಚಿನ ಮಾಡು ಹಳೆ ಫೋಟೋದಂತೆ ಕಪ್ಪಾಗಿಯೇ ಬರಬೇಕು ಅನ್ನುವವರಿಗೆ ಇಲ್ಫೋರ್ಡಿನ ಆರ್ಥೋ ಪ್ಲಸ್ ಇದೆ. ಅದಕ್ಕೆ ಈಗಲೂ ಕೆಂಪು ಕಾಣುವುದಿಲ್ಲ.

ಇನ್ನೊಂದು ಬದಲಾವಣೆ ವೇಗದ್ದು. ಹಳೆ ಫಿಲ್ಮು ನಿಧಾನದ್ದು, ಅದಕ್ಕೆ ಬೆಳಕು ಜಾಸ್ತಿ ಬೇಕಿತ್ತು. ಆದ್ದರಿಂದ ಅಗ್ಗದ ಮಡಚುವ ಕ್ಯಾಮೆರಾಗಳಲ್ಲಿ ಶಟರಿನ ಅತಿ ಹೆಚ್ಚಿನ ವೇಗ ಸೆಕೆಂಡಿನ 100ನೇ ಅಥವಾ 200ನೇ ಒಂದು ಭಾಗ, ಅಷ್ಟೇ. ಈಗ ಎಲ್ಲರೂ 400 ವೇಗದ ರೀಲು ತರುತ್ತಾರೆ; ಈ ಅಂಕಿ ದೊಡ್ಡದಾದಷ್ಟು ಫಿಲ್ಮಿಗೆ ಕಡಿಮೆ ಬೆಳಕು ಸಾಕು. ನಮ್ಮ ಬಿಸಿಲಿಗೆ ಲೆಕ್ಕ ಹಾಕಿ. ನಿಚ್ಚಳ ಬಿಸಿಲಿದ್ದರೆ ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಇಟ್ಟು (ಎಫ್ ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು), ಫಿಲ್ಮಿನ ವೇಗ ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಭಾಗ ಶಟರು ಇಡಬೇಕು ಅನ್ನುವುದು ಫೋಟೋಗ್ರಾಫರ್‌ಗಳ ಹಳೆ ಸೂತ್ರ. 400ರ ರೀಲಿಗೆ ಸೆಕೆಂಡಿನ 400ನೇ ಒಂದು ಭಾಗ ಬೇಕು. ಅದು ನಿಮ್ಮ ಕ್ಯಾಮೆರಾದಲ್ಲಿ ಇಲ್ಲ. 200ನೇ ಒಂದು ಭಾಗಕ್ಕೆ ಎಫ್ 22 ಇಟ್ಟರೆ ಹೇಗೋ ಸರಿಹೋಗುತ್ತದೆ. ಆದರೆ ಸಮುದ್ರದ ದಂಡೆಯ ಬಿಳಿ ಮರಳಿನಲ್ಲಿ ಅದೂ ಸಾಲದು. ಸುಮ್ನೆ ಯಾಕೆ ಒದ್ದಾಟ? 100 ವೇಗದ ಕಪ್ಪು ಬಿಳುಪು ರೀಲು ಹಾಕಿ. ಶಟರು 100, ಎಫ್ 16. ಆ ಕ್ಯಾಮೆರಾ ಹುಟ್ಟಿದ್ದೇ ಅದಕ್ಕೆ. 400ರ ರೀಲನ್ನು ಜೂನ್ ತಿಂಗಳ ಮೋಡಕ್ಕೆ ಇಟ್ಟುಕೊಳ್ಳಿ.

ಹಳೆ ಶಟರು ಬರೆದಷ್ಟು ವೇಗದಲ್ಲಿ ಓಡುವುದೂ ಇಲ್ಲ. ಒಳಗಿನ ಗ್ರೀಸು ಗಟ್ಟಿಯಾಗಿ ಎಳೆಯುತ್ತದೆ. ಹೀಗಾಗಿ ಫಿಲ್ಮಿಗೆ ಸ್ವಲ್ಪ ಜಾಸ್ತಿ ಬೆಳಕು ಬೀಳುತ್ತದೆ. ನೆಗೆಟಿವ್ ಫಿಲ್ಮು ಅದನ್ನು ತಾಳಿಕೊಳ್ಳುತ್ತದೆ. ಸ್ಲೈಡ್ ಫಿಲ್ಮು ತಾಳುವುದಿಲ್ಲ, ಅದನ್ನು ಇದರಲ್ಲಿ ಹಾಕಿ ದುಡ್ಡು ಕಳೆಯಬೇಡಿ. ಇನ್ನು ಎರಡನೇ ಮಹಾಯುದ್ಧಕ್ಕಿಂತ ಮೊದಲಿನ ಲೆನ್ಸುಗಳಿಗೆ ಸಾಮಾನ್ಯವಾಗಿ ಕೋಟಿಂಗ್, ಅಂದರೆ ಗಾಜಿನ ಮೇಲೆ ಬೆಳಕಿನ ಪ್ರತಿಫಲನ ತಗ್ಗಿಸುವ ಲೇಪ, ಇರುವುದಿಲ್ಲ. ಸಂಜೆಯ ಸೂರ್ಯನಿಗೆ ಎದುರಾಗಿ ಹಿಡಿದರೆ ಚಿತ್ರವೆಲ್ಲ ಬೆಳ್ಳಗೆ ಮಂಕಾಗುತ್ತದೆ. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ.

ರೀಲು ಹಾಕುವ ಮೊದಲು ಬೆಲ್ಲೋಸ್ ಪರೀಕ್ಷೆ ಆಗಲೇಬೇಕು. ರಾತ್ರಿ ಕೋಣೆಯ ದೀಪ ಆರಿಸಿ. ಕ್ಯಾಮೆರಾ ತೆರೆದು, ಹಿಂದಿನ ಬಾಗಿಲಿನಿಂದ ಚಿಕ್ಕ ಟಾರ್ಚನ್ನು ಬೆಲ್ಲೋಸಿನ ಒಳಗೆ ತೂರಿಸಿ ನಿಧಾನಕ್ಕೆ ತಿರುಗಿಸಿ. ನೆರಿಗೆಗಳ ಮೂಲೆಯನ್ನೇ ನೋಡಿ. ಮಡಚಿ ಮಡಚಿ ಸವೆಯುವುದು ಅಲ್ಲೇ. ತೂತಿದ್ದರೆ ಸೂಜಿಮೊನೆಯಷ್ಟು ಬೆಳಕು ಹೊರಗೆ ಕಾಣುತ್ತದೆ. ಅಗ್ಫಾ ಇಸೊಲೆಟ್ಟೆಯ ಬೆಲ್ಲೋಸ್ ಈ ವಿಷಯದಲ್ಲಿ ಹೆಸರು ಕೆಡಿಸಿಕೊಂಡಿದೆ. ಒಂದೆರಡು ತೂತಾದರೆ ಬಟ್ಟೆಗೆ ಹಚ್ಚುವ ಕಪ್ಪು ಬಣ್ಣವನ್ನು ತೆಳ್ಳಗೆ ಹಚ್ಚಿ ಪೂರ್ತಿ ಒಣಗಿಸಿ. ದಪ್ಪ ತೇಪೆ ಹಾಕಿದರೆ ಕ್ಯಾಮೆರಾ ಮಡಚುವುದೇ ಇಲ್ಲ. ಅಗ್ಫಾದಲ್ಲಿ ಫೋಕಸ್ ತಿರುಗಿಸುವ ಬಳೆಯೂ ಗ್ರೀಸು ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ. ಇಕ್ಕಳ ಹಾಕಿ ತಿರುಗಿಸಬೇಡಿ. ಎರಡು ಗಾಜು ಒಟ್ಟಿಗೆ ತಿರುಗಿ ಫೋಕಸ್ಸೇ ಹಾಳಾಗುತ್ತದೆ.

ಫೋಟೋ ತೆಗೆಯುವಾಗ ಕ್ರಮ ಹೀಗಿರಲಿ. ಮೊದಲು ಕ್ಯಾಮೆರಾ ತೆರೆಯಿರಿ, ಅದೂ ನಿಧಾನಕ್ಕೆ. ಫಟ್ಟನೆ ತೆರೆದರೆ ಬೆಲ್ಲೋಸ್ ಗಾಳಿ ಎಳೆದು ಫಿಲ್ಮನ್ನೂ ಮುಂದಕ್ಕೆ ಸೆಳೆಯುತ್ತದೆ. ಆಮೇಲೆ ರೀಲು ಸುತ್ತಿ, ಆಮೇಲೆ ಒತ್ತಿ. ಫಿಲ್ಮು ಬಿಗಿಯಾಗಿ ಚಪ್ಪಟೆ ಕೂರುತ್ತದೆ. ಒಂದೇ ಜಾಗದಲ್ಲಿ ಎರಡು ಚಿತ್ರ ಬೀಳುವ ಭಯವೂ ಕಡಿಮೆ. 6 ಬೈ 9 ಸೆಂಟಿಮೀಟರಿನ ಚಿತ್ರ ಬೀಳುವ ಕ್ಯಾಮೆರಾದಲ್ಲಿ ಒಂದು ರೀಲಿಗೆ ಸಿಗುವುದು ಎಂಟೇ ಚಿತ್ರ. ಆದರೆ ನೆಗೆಟಿವ್ ನೋಡಿ! 35 ಮಿಲಿಮೀಟರಿನದ್ದಕ್ಕಿಂತ ಐದು ಪಟ್ಟು ದೊಡ್ಡದು. ರಥಬೀದಿಯಲ್ಲಿ ತೆಗೆದ ಒಂದು ಚಿತ್ರದಲ್ಲಿ ತೇರಿನ ಪತಾಕೆಯ ಹೊಲಿಗೆಯನ್ನೂ ಗುರುತಿಸಬಹುದು.

ನಮ್ಮ ಊರಿನಲ್ಲಿ ಇದರ ದೊಡ್ಡ ಶತ್ರು ತೇವ. ಆಟಿ ತಿಂಗಳ ಮಳೆಗೆ ಚರ್ಮದ ಚೀಲದಲ್ಲೇ ಬಿಟ್ಟರೆ ಲೆನ್ಸಿನ ಒಳಗೆ ಬೂಷ್ಟು ಬಲೆ ಕಟ್ಟುತ್ತದೆ. ಗಾಜನ್ನು ಅದು ಕೊರೆದರೆ ಮತ್ತೆ ಮದ್ದಿಲ್ಲ. ಚೀಲ ಬೇರೆ ಇಡಿ. ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ರೀಲನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಪೊಟ್ಟಣ ಒಡೆಯಬೇಡಿ, ತಣ್ಣನೆ ಫಿಲ್ಮಿನ ಮೇಲೆ ನೀರು ಕೂರುತ್ತದೆ. ಒಂದೆರಡು ಗಂಟೆ ಹೊರಗೆ ಬಿಡಿ.

120 ತೊಳೆಯುವ ಸ್ಟುಡಿಯೋ ಹತ್ತಿರದಲ್ಲಿ ಸಿಗದಿದ್ದರೆ ಕಪ್ಪು ಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 20 ಡಿಗ್ರಿ ಸೆಲ್ಸಿಯಸ್ ಇರಬೇಕು. ನಮ್ಮ ನಲ್ಲಿ ನೀರು ಬೇಸಿಗೆಯಲ್ಲಿ ಅದಕ್ಕಿಂತ ಎಷ್ಟೋ ಬಿಸಿ. ಬೋಗುಣಿಯಲ್ಲಿ ಐಸ್ ನೀರು ಹಾಕಿ ಡೆವಲಪರ್ ಬಾಟಲಿಯನ್ನು ಅದರಲ್ಲಿ ನಿಲ್ಲಿಸಿ, ಥರ್ಮಾಮೀಟರ್ ನೋಡಿ. ತೊಳೆದ ಫಿಲ್ಮನ್ನು ಬಚ್ಚಲಿನಲ್ಲಿ ಕ್ಲಿಪ್ಪು ಹಾಕಿ ನೇತುಬಿಡಿ. ಫ್ಯಾನು ಬೇಡ, ಹಸಿ ಫಿಲ್ಮಿಗೆ ಧೂಳು ಅಂಟುತ್ತದೆ. ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಮಾತ್ರ ಬೆಳಗಿನವರೆಗೆ ಕಾಯಬೇಕು.

ನಮಸ್ಕಾರ.