ಗೇಟಿನ ಪುಸ್ತಕ

ಕೇಳುಗರಿಗೆ ನಮಸ್ಕಾರ.

ಬಳ್ಳಾರಿ ಜಾಲಿ ನೋಡಿದ್ದೀರಲ್ಲ, ಕೆರೆ ಅಂಗಳದಲ್ಲಿ, ರೈಲು ಹಳಿಯ ಪಕ್ಕದಲ್ಲಿ ಒತ್ತಾಗಿ ಬೆಳೆಯುತ್ತೆ? ಅದರ ದಾಯಾದಿ ಗಿಡ ಅಮೆರಿಕದ ಟೆಕ್ಸಸ್‌ನಲ್ಲಿದೆ. ಅಲ್ಲಿ ಮೆಸ್ಕೀಟ್ ಅಂತಾರೆ. ಸ್ಯಾನ್ ಆಂಟೋನಿಯೋ ದಾಟಿ ಮೆಕ್ಸಿಕೋ ಗಡಿಯ ಕಡೆಗೆ ಹೊರಟರೆ ಗಂಟೆಗಟ್ಟಲೆ ಈ ಜಾಲಿಯೇ. ಅದರ ನಡುವೆ ಒಂದು ಮಣ್ಣು ರಸ್ತೆ. ರಸ್ತೆಯ ಬಾಯಿಗೆ ಕಬ್ಬಿಣದ ಗೇಟು. ಗೇಟಿನ ಪಕ್ಕ, ಚಕ್ರದ ಮೇಲೆ ನಿಂತ ಒಂದು ಮನೆ. ಮನೆ ಮುಂದೆ ಮಡಚುವ ಕುರ್ಚಿಯಲ್ಲಿ, ತೊಡೆ ಮೇಲೆ ಪುಸ್ತಕ ಇಟ್ಟುಕೊಂಡು ಕೂತ ಒಬ್ಬ ಹೆಂಗಸು. ವಯಸ್ಸು 68.

ಇವತ್ತು ಹೇಳಬೇಕಾಗಿರುವುದು ಈಕೆಯ ಕೆಲಸದ ಬಗ್ಗೆ. ಗೇಟ್ ಗಾರ್ಡ್ ಅಂದ ಕೂಡಲೇ ನಮಗೆ ಕೋಲು, ಸೀಟಿ, ಟೋಪಿ ನೆನಪಾಗುತ್ತೆ. ಅದೆಲ್ಲ ಮರೆತುಬಿಡಿ. ಗೇಟ್ ಕಾಯುವುದು ಅಂದರೆ ಲೆಕ್ಕ ಇಡುವುದು. ಒಳಗೆ ಎಷ್ಟು ಜನ ಇದ್ದಾರೆ? ಇಷ್ಟೇ ಕೆಲಸ.

ಆ ನೆಲದಡಿ ಈಗಲ್ ಫೋರ್ಡ್ ಅನ್ನುವ, ತೈಲ ಮತ್ತು ಗ್ಯಾಸು ಅಡಗಿರುವ ಕಲ್ಲಿನ ಪದರ ಇದೆ. 2008ರಲ್ಲಿ ಲಾ ಸಾಲ್ ಕೌಂಟಿಯಲ್ಲಿ ಆ ಪದರದೊಳಗೆ ಅಡ್ಡಲಾಗಿ ಕೊರೆದ ಬಾವಿ ಫಲ ಕೊಟ್ಟಿತು. ಆಮೇಲೆ ಕೇಳಬೇಕಾ! ಕೊಟುಲ್ಲಾ, ಕರೀಜೋ ಸ್ಪ್ರಿಂಗ್ಸ್, ಟಿಲ್ಡೆನ್ ಅಂತ ಯಾರೂ ಕೇಳದ ಸಣ್ಣ ಊರುಗಳಿಗೆ ಲಾರಿಗಳ ಜಾತ್ರೆ. ರೂಮು ಸಿಗುತ್ತಿರಲಿಲ್ಲ, ಊಟದ ಹೋಟೆಲಿನಲ್ಲಿ ಸರದಿ. ಬಾವಿ ತೈಲ ಕಂಪನಿಯದು, ಆದರೆ ಜಮೀನು ರೈತರದು. ಅಲ್ಲಿ ದನ ಮೇಯುತ್ತವೆ, ಬೇಟೆಗೆಂದು ಜಿಂಕೆ ಸಾಕಿರುತ್ತಾರೆ. ಲಾರಿಯವನು ಗೇಟು ತೆರೆದಿಟ್ಟು ಹೋದ ಅಂದರೆ ದನ ಹೆದ್ದಾರಿಗೆ ಬರುತ್ತೆ. ಅದಕ್ಕೇ ಗೇಟಿಗೊಬ್ಬರು ಬೇಕು, ಹಗಲೂ ರಾತ್ರಿಯೂ ಬೇಕು.

ಹತ್ತಿರ ಮನೆ ಇಲ್ಲದ ಕಡೆ 24 ಗಂಟೆ ಯಾರು ಇರುತ್ತಾರೆ? ಮನೆಯನ್ನೇ ಜೊತೆಗೆ ತರುವವರು. ಅಮೆರಿಕದಲ್ಲಿ ನಿವೃತ್ತಿ ಆದ ಮೇಲೆ ಮನೆ ಮಾರಿ, ಆರ್‌ವಿ ಅನ್ನುವ ಚಕ್ರದ ಮನೆ ಕೊಂಡು ಊರೂರು ಸುತ್ತುವ ಗಂಡ ಹೆಂಡತಿಯರು ಬಹಳ. ಬಸ್ಸಿನಷ್ಟು ಉದ್ದದ ಗಾಡಿ. ಒಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲ ಇರುತ್ತೆ. ಅದನ್ನು ತಂದು ಗೇಟಿನ ಪಕ್ಕ ನಿಲ್ಲಿಸಿದರೆ ಆಯಿತು. ಡೀಸೆಲ್ ಜನರೇಟರ್, ನೀರಿನ ಟ್ಯಾಂಕು, ಕೊಳಕು ನೀರಿನ ಟ್ಯಾಂಕು, ರಾತ್ರಿಗೆ ಎತ್ತರದ ದೀಪ, ಇಷ್ಟನ್ನು ಕಂಪನಿ ಕೊಡುತ್ತೆ. ಒಬ್ಬರು ಹಗಲು, ಒಬ್ಬರು ರಾತ್ರಿ.

ರಸ್ತೆಗೆ ಅಡ್ಡ ಒಂದು ರಬ್ಬರ್ ಪೈಪು ಹಾಸಿರುತ್ತಾರೆ. ಚಕ್ರ ಹತ್ತಿದ ಕೂಡಲೇ ಗಾಡಿಯೊಳಗೆ ಟಿಣ್ ಅಂತ ಗಂಟೆ. ಎದ್ದು ಹೋಗಬೇಕು. ಹೆಸರು, ಕಂಪನಿ, ಗಾಡಿ ನಂಬರು, ಎಷ್ಟು ಜನ, ಎಷ್ಟು ಹೊತ್ತಿಗೆ ಬಂದರು, ಬರೆಯಬೇಕು. ಹೋಗುವಾಗ ಮತ್ತೆ ಟಿಣ್, ಮತ್ತೆ ಬರೆಯಬೇಕು. ಬಾವಿಯೊಳಗಿನ ಕಲ್ಲು ಒಡೆಯುವ ದಿನಗಳಲ್ಲಿ ನೀರು, ಮರಳು ಹೊತ್ತ ಲಾರಿಗಳು ನೂರಾರು. ಬಿಳಿ ಸುಣ್ಣದಂಥ ಧೂಳು. ಪುಸ್ತಕದ ಹಾಳೆ ತಿರುವಿದರೆ ಕೈಗೆ ಪುಡಿ ಅಂಟುತ್ತೆ. ಪೆನ್ನಿಗೆ ದಾರ ಕಟ್ಟಿರುತ್ತಾರೆ, ಇಲ್ಲದಿದ್ದರೆ ಡ್ರೈವರುಗಳ ಜೇಬಿಗೆ ಹೋಗುತ್ತೆ.

ನಾನು ಆ ಕಡೆ ಬಾವಿ ಕೊರೆಯುವ ಜಾಗದಲ್ಲಿ ಸೇಫ್ಟಿ ನೋಡುವ ಎಂಜಿನಿಯರ್ ಆಗಿದ್ದೆ. ಮೊದಲ ವಾರ ಈ ಹೆಂಗಸಿನ ಗೇಟಿನಲ್ಲಿ ನಿಲ್ಲಿಸದೆ, ಸುಮ್ನೆ ಕೈಬೀಸಿ ಒಳಗೆ ಹೋದೆ. ನನ್ನನ್ನು ಯಾರು ತಾನೇ ಕೇಳ್ತಾರೆ ಅಂತ ಧಿಮಾಕು. ಸಂಜೆ ಬರುವಾಗ ನೋಡುತ್ತೇನೆ, ರಸ್ತೆ ಮಧ್ಯ ಕುರ್ಚಿ ಹಾಕಿಕೊಂಡು ಕೂತಿದ್ದಾರೆ! ಏಳಲಿಲ್ಲ. ಕಿಟಕಿ ಇಳಿಸಿ ಹೆಸರು ಹೇಳಿದೆ. ಸ್ಪೆಲ್ಲಿಂಗ್ ಕೇಳಿದರು. ನಮ್ಮ ಹೆಸರು ಉದ್ದ ಅಲ್ವಾ, ಮೂರು ಸಲ ಹೇಳಿಸಿ ಬರೆದುಕೊಂಡರು. "ಈಗ ನೀನು ಒಳಗೆ ಇದ್ದೆ. ಈಗ ಹೊರಗೆ ಹೋಗು" ಅಂದರು. ಎರಡು ಸಾಲು ಬರೆದ ಮೇಲೆಯೇ ಕುರ್ಚಿ ಎತ್ತಿದ್ದು. ಕೆಲಸದಲ್ಲಿದ್ದಾಗ ಅವರು ಸ್ಕೂಲ್ ಬಸ್ ಓಡಿಸುತ್ತಿದ್ದರಂತೆ. ಮಕ್ಕಳನ್ನು ಎಣಿಸಿ ಹತ್ತಿಸಿ, ಎಣಿಸಿ ಇಳಿಸಿದ ಕೈ. ಗಂಡನಿಗೆ ಕಿವಿ ಮಂದ, ಗಂಟೆ ಕೇಳಿಸದು. ಅದಕ್ಕೆ ರಾತ್ರಿ ಪಾಳಿ ಇವರದ್ದು.

ಚಳಿಗಾಲದ ಒಂದು ರಾತ್ರಿ, ಎರಡೂವರೆ ಗಂಟೆ. ಗ್ಯಾಸ್ ಅಲಾರಂ ಹೊಡೆಯಿತು. ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಬರುವ ವಿಷದ ಗ್ಯಾಸು. ಆದರೆ ಜಾಸ್ತಿ ಆದರೆ ಮೂಗೇ ಸತ್ತುಹೋಗುತ್ತೆ, ವಾಸನೆ ಗೊತ್ತಾಗುವುದಿಲ್ಲ. ಗಾಳಿಗಿಂತ ಭಾರ, ತಗ್ಗಿನಲ್ಲಿ ಹೋಗಿ ಕೂರುತ್ತೆ. ಅಲಾರಂ ಆದರೆ ಎಲ್ಲರೂ ಗಾಳಿ ಬರುವ ದಿಕ್ಕಿಗೆ ಓಡಿ, ಗುರುತು ಮಾಡಿದ ಜಾಗದಲ್ಲಿ ನಿಲ್ಲಬೇಕು. ನಿಂತರು. ಎಣಿಸಿದೆ, 30 ಜನ. ಮೇಸ್ತ್ರಿಯೂ ಎಣಿಸಿದ, 30. ಅವನ ಪಟ್ಟಿಯಲ್ಲೂ 30. ಎಲ್ಲ ಸರಿ ಅಂದುಕೊಂಡೆವು.

ವಾಕಿಟಾಕಿಯಲ್ಲಿ ಗೇಟಿಗೆ ಹೇಳಿದೆ, 30 ಜನ, ಎಲ್ಲ ಕ್ಷೇಮ. ಆ ಕಡೆಯಿಂದ ಹಾಳೆ ತಿರುವುವ ಸದ್ದು. "31" ಅಂದರು.

ಮತ್ತೆ ಎಣಿಸಿದೆವು. 30. ಮೇಸ್ತ್ರಿಗೆ ಸಿಟ್ಟು ಬಂತು, ಮುದುಕಿಗೆ ನಿದ್ದೆಗಣ್ಣು ಅಂದ. ಅವರು ಬಿಡಲಿಲ್ಲ. ಓದಿ ಹೇಳಿದರು: ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ವೆಲ್ಡಿಂಗ್ ಗಾಡಿ ಒಳಗೆ, ಇಬ್ಬರು. ಒಂದೂ ಕಾಲಿಗೆ ಅದೇ ಗಾಡಿ ಹೊರಗೆ, ಒಬ್ಬ. "ಇನ್ನೊಬ್ಬನನ್ನು ನನಗೆ ತೋರಿಸಿ."

ವೆಲ್ಡರ್ ಏನೋ ಸಾಮಾನು ಮರೆತು ಊರಿಗೆ ಹೋಗಿದ್ದ. ಸಹಾಯಕ್ಕೆ ಬಂದ ಹುಡುಗನನ್ನು ಬಿಟ್ಟು ಹೋಗಿದ್ದ. ಆ ಹುಡುಗ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಮಾಸ್ಕ್ ಹಾಕಿಕೊಂಡು, ಸಿಲಿಂಡರ್ ಹೊತ್ತು ಇಬ್ಬರು ಹುಡುಕಿದೆವು. ಪೈಪುಗಳ ರಾಶಿಯ ಹಿಂದೆ, ತಗ್ಗಿನಲ್ಲಿ, ಗಾಳಿ ತಾಗದ ಬೆಚ್ಚನೆ ಜಾಗದಲ್ಲಿ, ಟಾರ್ಪಾಲ್ ಹೊದ್ದು ಮಲಗಿದ್ದ. ಕಿವಿಗೆ ಇಯರ್‌ಫೋನ್. ಗ್ಯಾಸು ಬಂದರೆ ಮೊದಲು ತುಂಬುವ ಜಾಗ ಅದೇ.

ಗ್ಯಾಸು ಇರಲಿಲ್ಲ ಅನ್ನಿ, ಸೆನ್ಸರ್ ಕೆಟ್ಟಿತ್ತು. ಹುಡುಗ ಎದ್ದು ಕಣ್ಣುಜ್ಜಿಕೊಂಡು ಟೈಮ್ ಎಷ್ಟು ಅಂದ. ಆದರೆ ನನ್ನ ಕೈ ಬೆಳಗಿನವರೆಗೂ ನಡುಗುತ್ತಿತ್ತು. ಅಷ್ಟು ಓದಿದ ನಾನು 30 ಅಂದಿದ್ದೆ. ದಾರ ಕಟ್ಟಿದ ಪೆನ್ನು 31 ಅಂದಿತ್ತು.

ಈ ಕಥೆಗೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ.

ಸಂಬಳ. ನಾನಿದ್ದ ಕಾಲದಲ್ಲಿ ಜೋಡಿಗೆ ದಿನಕ್ಕೆ ಸುಮಾರು 125ರಿಂದ 175 ಡಾಲರ್. ಗಂಟೆಗೆ ಭಾಗಿಸಬೇಡಿ, ಬೇಜಾರಾಗುತ್ತೆ. ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 24ರಿಂದ ಗುಣಿಸಿದರೆ 174. ಕಾರ್ಮಿಕ ಇಲಾಖೆ ಇದೇ ತಕರಾರು ಎತ್ತಿ ಒಂದು ಗಾರ್ಡ್ ಕಂಪನಿಯ ಮೇಲೆ ಹೋಯಿತು. ಇವರು ನೌಕರರಲ್ಲ, ಸ್ವಂತ ಗುತ್ತಿಗೆದಾರರು ಅಂತ 2013ರಲ್ಲಿ ಟೆಕ್ಸಸ್‌ನ ಫೆಡರಲ್ ಕೋರ್ಟು ಹೇಳಿತು. ನನಗೆ ಅಷ್ಟು ಒಪ್ಪಿಗೆ ಇಲ್ಲ. ಇರಲಿ. ಬಾಡಿಗೆ, ಕರೆಂಟು ಖರ್ಚು ಇಲ್ಲ, ಪೇಟೆ ದೂರ, ದುಡ್ಡು ಉಳಿಯುತ್ತೆ ಅಂತ ಅವರೇ ಹೇಳುತ್ತಿದ್ದರು.

ಲೈಸೆನ್ಸ್ ಬೇಕು. ಬೆರಳಚ್ಚು ಕೊಟ್ಟು, ತರಬೇತಿ ಮುಗಿಸಿ ರಾಜ್ಯದಿಂದ ತೆಗೆದುಕೊಳ್ಳಬೇಕು. ಈ ಲೈಸೆನ್ಸಿನಲ್ಲಿ ಬಂದೂಕು ಇಲ್ಲ. ಆ ಕಡೆ ಬಾಲ ಆಡಿಸಿ ಸದ್ದು ಮಾಡುವ ವಿಷದ ಹಾವು, ರ್ಯಾಟಲ್ ಸ್ನೇಕ್, ಇದೆ, ಮೆಟ್ಟಿಲಿಳಿಯುವ ಮುನ್ನ ಟಾರ್ಚು ಹಾಕಬೇಕು. ಕೆಲಸ ಖಾಯಂ ಅಲ್ಲ. 2014ರ ನಡುವಿನಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಆರಂಭಕ್ಕೆ 30ರ ಕೆಳಗೆ ಬಿತ್ತು. ಗೇಟುಗಳಿಗೆ ಬೀಗ ಬಿತ್ತು. ಗಾಡಿ ಕಟ್ಟಿಕೊಂಡು ಹೊರಟರು.

ನಮ್ಮ ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರ್ ಒಮ್ಮೆ ತೆಗೆದು ನೋಡಿ. ಮೇಲೊಂದು ಹೆಸರು, ಕೆಳಗೆ ಹತ್ತು ಸಾಲು ಬರೀ ಗೀಟು. ಹೊರಗೆ ಹೋದ ಹೊತ್ತಿನ ಕಾಲಂ ಖಾಲಿ. ಬೆಂಕಿ ಬಿದ್ದ ದಿನ ಆ ಪುಸ್ತಕದಿಂದ ಏನು ಗೊತ್ತಾಗುತ್ತೆ ಹೇಳಿ? ವಾಚ್‌ಮನ್ ಹೆಸರು ಕೇಳಿದರೆ ನಾವು ಮುಖ ಗಂಟಿಕ್ಕುತ್ತೇವೆ. ನಾನೂ ಕೈಬೀಸಿದವನೇ, ಆದ್ದರಿಂದ ಹೇಳುವ ಹಕ್ಕಿದೆ.

ಇವತ್ತು ಸ್ಟುಡಿಯೋಗೆ ಹೊರಟಾಗ ಪಕ್ಕದ ಮನೆಯ ರಾಯರು ಕೇಳಿದರು. ಅವರ ಮಗ ಡಲ್ಲಾಸ್‌ನಲ್ಲಿದ್ದಾನೆ. ಆರು ತಿಂಗಳು ಅಲ್ಲಿಗೆ ಹೋದಾಗ ಗಂಡ ಹೆಂಡತಿ ಸುಮ್ನೆ ಕೂರುವ ಬದಲು ಈ ಕೆಲಸ ಮಾಡಬಹುದಾ ಅಂತ. ಇಲ್ಲ ರಾಯರೇ. ವಿಸಿಟರ್ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಮಗನ ಕಾರಿನಲ್ಲಿ ಹೋಗಿ ಗೇಟು ನೋಡಿಕೊಂಡು ಬನ್ನಿ. ಗಾಡಿ ನಿಲ್ಲಿಸಿ, ಎಷ್ಟು ಜನ ಅಂತ ಕೇಳಿದರೆ ಹಿಂದಿನ ಸೀಟಿನಲ್ಲಿ ಮಲಗಿದ ಮೊಮ್ಮಗನನ್ನೂ ಸೇರಿಸಿ ಹೇಳಿ.

ನಮಸ್ಕಾರ.