ಪಾರ್ಕಿನ ಕೀಲಿ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಜಮಖಾನೆ ಹಾಸಿದ್ದೇವೆ. ಹುಡುಗರೇ, ಆ ಫ್ಯಾನ್ ಸ್ವಲ್ಪ ಜೋರು ಮಾಡಿ.

ನಮ್ಮ ಪಾರ್ಕಿನ ಕಥೆ ನಿಮಗೆಲ್ಲ ಗೊತ್ತು. ಮಳಿಗೆ ಕಟ್ಟುವ ಮಾತು ಬಂತು, ನಾವು ತಡೆದೆವು, ಆಮೇಲೆ ಬೇಲಿ ಬಂತು, ಗೇಟು ಬಂತು, ಜಿಮ್ ಸಾಮಾನು ಬಂತು. ಅದನ್ನು ಮತ್ತೆ ಹೇಳುವುದಿಲ್ಲ. ನಾನು ಬಂದಿರುವುದು ಒಂದೇ ಮಾತಿಗೆ. ಮಧ್ಯಾಹ್ನ ಗೇಟಿಗೆ ಹಾಕುವ ಕೀಲಿ ತೆಗೆಯಬೇಕು.

ಬೆಳಿಗ್ಗೆ ಒಂಬತ್ತೂವರೆಗೆ ಹಾಕಿದರೆ ಸಂಜೆ ನಾಲ್ಕಕ್ಕೆ ತೆಗೆಯುತ್ತೇವೆ. ಈ ನಿಯಮ ಮೇಲಿನಿಂದ ಬಂದದ್ದಲ್ಲ. ವಾಕಿಂಗ್ ಮಾಡುವ ನಾವೇ ಸೇರಿ ಮಾಡಿದ್ದು. ಆವತ್ತು ಕೈ ಎತ್ತಿದವರಲ್ಲಿ ನಾನೂ ಇದ್ದೆ. ಅದು ತಪ್ಪಾಯಿತು ಎಂದು ಹೇಳಲಿಕ್ಕೇ ಇವತ್ತು ಮೈಕು ಹಿಡಿದಿದ್ದೇನೆ.

ತಪ್ಪಲು, ಅಂದರೆ ಸೊಪ್ಪು ಮಾರುವ ಅವ್ವನನ್ನು ನೀವು ನೋಡಿದ್ದೀರಿ, ಅಲ್ವಾ? ಮುಂಜಾನೆ ಬಸ್ಸಿಗೆ ಬರುತ್ತಾಳೆ. ಬುಟ್ಟಿಯಲ್ಲಿ ಮೆಂತೆ, ಪುಂಡಿ, ಸಬ್ಬಸಿಗೆ, ಒಮ್ಮೊಮ್ಮೆ ಹಕ್ಕರಕಿ. ಹಕ್ಕರಕಿ ಇದ್ದ ದಿನ ನಮ್ಮ ಮನೆಗೆ ಒಂದು ಸೂಡು ಎತ್ತಿಟ್ಟಿರುತ್ತಾಳೆ, ಕೇಳಬೇಕಾಗಿಲ್ಲ. ಓಣಿ ಓಣಿ ತಿರುಗಿ ಹನ್ನೆರಡರ ಹೊತ್ತಿಗೆ ಪಾರ್ಕಿನ ಬೇವಿನ ಮರದ ಕೆಳಗೆ ಬಂದು ಕೂರುತ್ತಿದ್ದಳು. ನಲ್ಲಿಯಲ್ಲಿ ಮುಖ ತೊಳೆದು, ಉಳಿದ ತಪ್ಪಲಿಗೆ ನೀರು ಚಿಮುಕಿಸಿ, ರೊಟ್ಟಿ ಗಂಟು ಬಿಚ್ಚುತ್ತಿದ್ದಳು. ಆಗಿನ್ನೂ ಗೇಟು ಇರಲಿಲ್ಲ.

ಒಂದು ಮಧ್ಯಾಹ್ನ ನಾಲ್ಕು ಜನ ಬಂದರು. ಟೇಪು ಹಿಡಿದು ಅಳೆದರು, ಸುಣ್ಣದ ಪುಡಿಯಿಂದ ಗೆರೆ ಹಾಕಿದರು. ನಮ್ಮ ಓಣಿಯವರು ಉಂಡು ಮಲಗಿದ ಹೊತ್ತು ಅದು. ಏಪ್ರಿಲ್ ಬಿಸಿಲಿಗೆ ನಾಯಿ ಕೂಡ ಹೊರಗೆ ಇರಲಿಲ್ಲ. ಅವ್ವ ಎದ್ದು ಹೋಗಿ ಕೇಳಿದಳಂತೆ, "ಏನ್ ಅಳೀತೀರೋ ತಮ್ಮಾ?" "ಅಂಗಡಿ ಕಟ್ಟಾಕ ಬೇ." ಅಷ್ಟೇ. ಬುಟ್ಟಿ ಅಲ್ಲೇ ಬಿಟ್ಟು ನಮ್ಮ ಬಾಗಿಲು ಬಡಿದಳು. "ಅಕ್ಕೋರ, ಏಳ್ರಿ. ಪಾರ್ಕಿನಾಗ ಗೆರಿ ಹೊಡ್ಯಾಕ ಹತ್ತ್ಯಾರ."

ಮುಂದಿನದು ನಿಮಗೆ ಗೊತ್ತೇ ಇದೆ. ಮೂರು ಗಂಟೆಗೆಲ್ಲ ಓಣಿಯೇ ಅಲ್ಲಿತ್ತು. ಪೇಪರಿನಲ್ಲಿ ನಮ್ಮ ಫೋಟೋ ಬಂತು, ಸನ್ಮಾನ ಆಯಿತು, ಶಾಲು ಹೊದಿಸಿದರು. ಅವ್ವನಿಗೆ ಯಾರೂ ಶಾಲು ಹೊದಿಸಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಬ್ಯಾಂಕಿನಿಂದ ಬರುತ್ತಿದ್ದೆ. ಅವ್ವ ಗೇಟಿನ ಹೊರಗೆ, ಕಾಂಪೌಂಡಿನ ಒಂದು ಗೇಣು ನೆರಳಿನಲ್ಲಿ ಕೂತಿದ್ದಳು. ಇಲ್ಲ್ಯಾಕ ಕುಂತಿ ಎಂದೆ. "ನೀರು ಒಳಗ ಅದಾವ ಅಕ್ಕೋರ, ನಾ ಹೊರಗ ಅದೀನಿ" ಎಂದಳು. ದೂರಿನ ದನಿ ಇರಲಿಲ್ಲ. ಹಾಗೆಂದು ರೊಟ್ಟಿ ಮುರಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯೋಚನೆ ಮಾಡಿ. ಆ ಮಧ್ಯಾಹ್ನ ಗೇಟು ಇದ್ದು ಕೀಲಿ ಬಿದ್ದಿದ್ದರೆ? ಅಳೆಯಲು ಬಂದವರು ಕೀಲಿಕೈ ತರಿಸಿಕೊಂಡು ಒಳಗೆ ಹೋಗುತ್ತಿದ್ದರು. ನೋಡಲು ಅವ್ವ ಇರುತ್ತಿರಲಿಲ್ಲ. ಮಧ್ಯಾಹ್ನ ಖಾಲಿ ಬಿದ್ದ ಜಾಗ ನೋಡಿದರೆ ಯಾರಿಗಾದರೂ ಅನಿಸುತ್ತದೆ, ಇದು ಸುಮ್ನೆ ಬಿದ್ದಿದೆ, ಏನಾದರೂ ಕಟ್ಟೋಣ ಅಂತ. ಜನ ಕೂತ ಜಾಗಕ್ಕೆ ಹಾಗೆ ಕೈ ಹಾಕುವುದು ಸುಲಭ ಅಲ್ಲ.

ಅವ್ವ ಒಬ್ಬಳೇ ಅಲ್ಲ. ನಮ್ಮ ಧಾರವಾಡದ ಸಪ್ತಾಪುರದ ಕಡೆ ಹೋಗಿ ನೋಡಿ. ರಾಯಚೂರು, ಕೊಪ್ಪಳ, ವಿಜಯಪುರದಿಂದ ಪಿಎಸ್‌ಐ, ಪಿಡಿಒ, ಎಫ್‌ಡಿಎ ಇಂಥ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಬಂದ ಮಕ್ಕಳು ಒಂದೊಂದು ಕೋಣೆಯಲ್ಲಿ ನಾಲ್ಕು ನಾಲ್ಕು ಜನ. ಮೇಲೆ ತಗಡು. ಮಧ್ಯಾಹ್ನ ಆ ಕೋಣೆಯಲ್ಲಿ ಓದಲು ಸಾಧ್ಯವೇ? ಪುಸ್ತಕ ಹಿಡಿದು ನೆರಳು ಹುಡುಕುತ್ತಾರೆ. ಮನೆಗೆಲಸ ಮುಗಿಸಿ ಇನ್ನೊಂದು ಮನೆಗೆ ಹೋಗುವ ನಡುವೆ ಒಂದು ಗಂಟೆ ಸಿಗುವ ಹೆಂಗಸರಿದ್ದಾರೆ. ಆಟೋದವರಿದ್ದಾರೆ. ಅವರಿಗೆಲ್ಲ ಬೇಕಾದದ್ದು ಮಧ್ಯಾಹ್ನದ ಪಾರ್ಕು. ಮುಂಜಾನೆ ತಂಪಿನಲ್ಲಿ ಅದು ಬೇಕಾದದ್ದು ನಮಗೆ.

ಜೋಡಿಗಳು ಬಂದು ಕೂರುತ್ತಾರೆ ಎಂದು ಒಬ್ಬರು ಹೇಳಿದರು. ಕೂರಲಿ! ಕೆಸಿಡಿ, ಅಂದರೆ ನಮ್ಮ ಕರ್ನಾಟಕ ಕಾಲೇಜಿನ ಕಟ್ಟೆ ಮೇಲೆ ಕೂತು ಮದುವೆ ನಿಶ್ಚಯ ಮಾಡಿಕೊಂಡವರು ಈ ಸಭೆಯಲ್ಲೇ ಇದ್ದಾರೆ, ಮುಂದಿನ ಸಾಲಿನಲ್ಲೇ ನಗುತ್ತಿದ್ದಾರೆ. ಕಸ ಹಾಕುತ್ತಾರೆ ಎಂದರೆ ಬುಟ್ಟಿ ಇಡೋಣ. ಕಸಕ್ಕೆ ಕೀಲಿ ಔಷಧಿ ಅಲ್ಲ.

ಕಾನೂನಿನ ಮಾತು ಸ್ವಲ್ಪ ಹೇಳಬೇಕು. ನಮ್ಮ ರಾಜ್ಯದಲ್ಲಿ ಪಾರ್ಕು, ಆಟದ ಬಯಲು, ಖುಲ್ಲಾ ಜಾಗಗಳನ್ನು ಕಾಯಲು 1985ರ ಕಾಯ್ದೆ ಇದೆ. ಅದರ ಪ್ರಕಾರ ಅಂಥ ಜಾಗಗಳ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿರುವುದನ್ನು ಮನಸ್ಸಿಗೆ ಬಂದ ಹಾಗೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ನಮ್ಮ ಪಾರ್ಕು ಆ ಪಟ್ಟಿಯಲ್ಲಿದೆಯೇ? ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಬೆಂಗಳೂರಿನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಸುಪ್ರೀಂ ಕೋರ್ಟ್‌ವರೆಗೆ ಹೋದರು. 1991ರಲ್ಲಿ ತೀರ್ಪು ಅವರ ಕಡೆ ಬಂತು. ಸುತ್ತಲಿನ ನಿವಾಸಿಗಳಿಗೆ ಇದನ್ನು ಕೇಳುವ ಹಕ್ಕಿದೆ ಎಂದು ಕೋರ್ಟು ಒಪ್ಪಿತು.

ಅದೇ ಹೊತ್ತಿನಲ್ಲಿ ನಮ್ಮ ಕಡೆ ಇನ್ನೊಂದು ನಡೆದಿತ್ತು. ಹಾನಗಲ್ ತಾಲ್ಲೂಕಿನ ಕುಸನೂರು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಮೊದಲು ಅದು ನಮ್ಮ ಧಾರವಾಡ ಜಿಲ್ಲೆಯೇ. ದನ ಮೇಯುತ್ತಿದ್ದ, ಕಟ್ಟಿಗೆ ಆರಿಸುತ್ತಿದ್ದ ಜಾಗದಲ್ಲಿ ಕಂಪನಿಯ ನೀಲಗಿರಿ ಬಂತು. 1987ರಲ್ಲಿ ಜನ ಹೋಗಿ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಎನ್ನುತ್ತಾರೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತ್ತು. ನಾನು ಇದನ್ನು ಯಾಕೆ ನೆನೆಸುತ್ತೇನೆ ಎಂದರೆ, ಆ ಜಾಗಕ್ಕಾಗಿ ಎದ್ದವರು ದಿನಾ ಅಲ್ಲಿ ಓಡಾಡುತ್ತಿದ್ದವರು. ಅವರನ್ನು ಮೊದಲೇ ಬೇಲಿಯ ಹೊರಗೆ ಇಟ್ಟಿದ್ದರೆ ಯಾರು ಏಳುತ್ತಿದ್ದರು?

ಚೀಟಿ ಬಂತು, ಐದೇ ನಿಮಿಷ ಅಂತೆ. ಶೌಚಾಲಯದ ವಿಷಯ ಜಾಸ್ತಿ ಹೇಳಬೇಕೆಂದಿದ್ದೆ. ಹೆಂಗಸರು ಪಾರ್ಕಿನಲ್ಲಿ ಹೊತ್ತು ಕೂರದಿರಲು ಅದೇ ದೊಡ್ಡ ಕಾರಣ. ಇನ್ನೊಂದು, ಬೇವಿನ ಬುಡಕ್ಕೆ ಒತ್ತಿ ಪೇವರ್ಸ್ ಕೂರಿಸಿದ್ದಾರೆ. ಮಳೆ ನೀರು ಬೇರಿಗೆ ಇಳಿಯುತ್ತಿಲ್ಲ. ದೆಹಲಿಯಲ್ಲಿ ಹಸಿರು ನ್ಯಾಯಮಂಡಳಿ 2013ರಲ್ಲೇ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಸಲು ಹೇಳಿತ್ತು. ನಾವೂ ಮುಂಗಾರಿನ ಮೊದಲು ಅಷ್ಟು ಬಿಡಿಸಿಕೊಳ್ಳಬೇಕು. ಆಟದ ಸಾಮಾನಿನ ವಿಷಯ ಬಿಡುತ್ತೇನೆ.

ಕೀಲಿಕೈ ಕೇಳಿ ತಂದಿದ್ದೇನೆ, ನೋಡಿ ಇಲ್ಲಿದೆ. ನಾಳೆಯಿಂದ ಒಂಬತ್ತೂವರೆಗೆ ಹಾಕುವುದು ಬೇಡ. ಮಧ್ಯಾಹ್ನ ಒಬ್ಬರಾದರೂ ನಮ್ಮವರು ಅಲ್ಲಿ ಹೋಗಿ ಕೂರಬೇಕು. ಕಾಯಲಿಕ್ಕೆ ಅಲ್ಲ, ಬಂದವರ ಜೊತೆ ಮಾತಾಡಲಿಕ್ಕೆ. ವಾರಕ್ಕೆ ಏಳು ಹೆಸರು ಬೇಕು. ಅವ್ವ ಬರುವುದು ಮಂಗಳವಾರ, ಆ ದಿನ ನಾನು ಬರೆದುಕೊಂಡಿದ್ದೇನೆ. ಉಳಿದ ಆರು ಹೆಸರು ಹೇಳಿ, ಪೆನ್ನು ಹಿಡಿದೇ ನಿಂತಿದ್ದೇನೆ.