ಬಡಿಸುವವರ ಕಷ್ಟ, ಗಲ್ಲಾದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಭಾನುವಾರ ಬೆಳಗ್ಗೆ ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿಗೆ ಹೋಗಿ ನೋಡಿ. ಸಿದ್ಧಗಂಗೆಗೆ ಬಂದವರು, ದೇವರಾಯನದುರ್ಗಕ್ಕೆ ಹೊರಟವರು, ಎಲ್ಲರಿಗೂ ಅವಸರ. ಸಪ್ಲೈಯರ್ ಹುಡುಗ ತಟ್ಟೆ ಹೊರಬೇಕು, ಆರ್ಡರ್ ನೆನಪಿಡಬೇಕು, ರೇಗಿದವರಿಗೂ ನಗುತ್ತಾ ಉತ್ತರ ಕೊಡಬೇಕು. ಈ ಮೂರನೆಯದೇ ಜಾಸ್ತಿ ಸುಸ್ತು ಮಾಡುವುದು. ಅದೂ ದುಡಿಮೆಯೇ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ, ಗಗನಸಖಿಯರ ಕೆಲಸ ನೋಡಿ, ಬರೆದರು. ನಮ್ಮ ಮಾಲೀಕರ ಲೆಕ್ಕದಲ್ಲಿ ಅದಿನ್ನೂ ಸೇರಿಲ್ಲ.

ಸಂಬಳ ಮುಖ್ಯ. ಅದು ಹೊತ್ತಿಗೆ ಸರಿಯಾಗಿ ಕೈಸೇರದಿದ್ದರೆ ಉಳಿದ ಮಾತೆಲ್ಲ ದಂಡ. ಆದರೆ ಅಷ್ಟಕ್ಕೇ ಹುರುಪು ಬರುತ್ತದೆಯೇ? 1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ಇದಕ್ಕೆ ಉತ್ತರ ಹೇಳಿದರು. ಸಂಬಳ, ಕೆಲಸದ ಜಾಗ ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ. ಸರಿಹೋದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ಮನಸ್ಸಿಟ್ಟು ದುಡಿಯುವುದು ಒಳ್ಳೆಯ ಕೆಲಸವನ್ನು ಯಾರಾದರೂ ಗುರುತಿಸಿದಾಗ, ಜವಾಬ್ದಾರಿ ಕೊಟ್ಟಾಗ. ಅವರು ಮಾತಾಡಿಸಿದ್ದು ಇಂಜಿನಿಯರುಗಳನ್ನು, ಲೆಕ್ಕಪತ್ರದವರನ್ನು. ಆದರೂ ಈ ಮಾತು ಹೋಟೆಲಿಗೆ ಚೆನ್ನಾಗಿ ಒಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ.

ಇಡ್ಲಿ ಆರಿದೆ ಎಂದು ಗಿರಾಕಿ ಹೇಳಿದರು ಅನ್ನಿ. ಹುಡುಗ ತಾನೇ ಬದಲಿಸಿ ಕೊಡುವಂತಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಗಲ್ಲಾಕ್ಕೆ ಓಡಿ ಕೇಳಬೇಕು, ಅಲ್ಲಿ ಎಲ್ಲರೆದುರು ಬೈಸಿಕೊಳ್ಳಬೇಕು ಎಂದರೆ? ಗಿರಾಕಿಗೂ ಬೇಜಾರು, ಹುಡುಗನಿಗೆ ಅವಮಾನ. ಮುಂದಿನ ಟೇಬಲಿಗೆ ಅವನು ಅದೇ ಮುಖ ಹೊತ್ತು ಹೋಗಬೇಕಲ್ವಾ? ಒಂದು ಇಡ್ಲಿ ಉಳಿಸಲು ಹೋಗಿ ಹತ್ತು ಗಿರಾಕಿಗಳನ್ನು ಕಳೆದುಕೊಳ್ಳುವುದು ಹೀಗೆ. ಮಾಲೀಕರೇ, ಬೈಯಲೇಬೇಕಾದರೆ ದಯವಿಟ್ಟು ಒಳಗೆ ಕರೆದು ಹೇಳಿ.

ಬಟ್ಟೆ ಅಂಗಡಿಗಳದ್ದು ಬೇರೆ ಕಷ್ಟ. ಸೀರೆ ಬಿಡಿಸಿ ತೋರಿಸುವ ಹೆಣ್ಣುಮಕ್ಕಳು ಇಡೀ ದಿನ ನಿಂತೇ ಇರುತ್ತಾರೆ. ಸಂಜೆಗೆ ಕಾಲು ಊದಿರುತ್ತದೆ. ಕೆಲಸದ ನಡುವೆ ಕೂರುವ ಹಕ್ಕಿಗಾಗಿ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕಾನೂನು ತಿದ್ದಿದವು. ಒಂದು ಸ್ಟೂಲ್ ಹಾಕಲು ನಮಗೆ ಯಾರ ಅಪ್ಪಣೆ ಬೇಕು? ಗಿರಾಕಿ ಇಲ್ಲದ ಮಧ್ಯಾಹ್ನ ಅವರು ಕೂತರೆ ವ್ಯಾಪಾರ ಕೆಡುವುದಿಲ್ಲ.

ಇನ್ನು ರಜೆ. ಕರ್ನಾಟಕದ 1961ರ ಅಂಗಡಿ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ರಜೆ ಎನ್ನುತ್ತದೆ. ರಜೆ ಯಾವ ದಿನ ಎಂದು ಮೊದಲೇ ಬರೆದು ಗೋಡೆಗೆ ಅಂಟಿಸಿ. ಪಾವಗಡದಿಂದಲೋ ಮಧುಗಿರಿಯಿಂದಲೋ ಬಂದ ಹುಡುಗ ಊರಿಗೆ ಹೋಗಲು ಬಸ್ಸು ನೋಡಿಕೊಳ್ಳಬೇಕು.